ಕ್ಷಮೆ ಸಿಕ್ಕಿದ್ದು ಖಾತ್ರಿಯೇ?

ಕ್ರಿ.ಶ. 250ರ ಜೂನ್ 26ರಂದು ಈಜಿಪ್ಟಿನ ಫಾಯೂಮ್ ಪ್ರಾಂತದ ಹಳ್ಳಿಯೊಂದರಲ್ಲಿ ಔರೇಲಿಯಸ್ ದಿಯೋಗೆನೀಸ್ ಎಂಬ 72 ವರ್ಷದ ಮುದುಕ ಸರ್ಕಾರಕ್ಕೊಂದು ಅರ್ಜಿ ಕೊಟ್ಟ. ತಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗ ಅಧಿಕಾರಿಗಳ ಕಣ್ಣೆದುರಿಗೇ ಬಲಿ ಕೊಟ್ಟು, ಪಾನ ಎರೆದು, ನೈವೇದ್ಯದ ಮಾಂಸವನ್ನೂ ತಿಂದಿದ್ದೇನೆ, ಇದಕ್ಕೆ ರುಜು ಹಾಕಿಕೊಡಬೇಕು ಎಂದು ಅದರಲ್ಲಿ ಬರೆಸಿದ್ದ. ಗುರುತಿಗೆಂದು ಬಲಹುಬ್ಬಿನ ಮೇಲಿನ ಗಾಯದ ಕಲೆಯನ್ನೂ ನಮೂದಿಸಲಾಗಿದೆ. ಇಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ದೇವತೆಗಳಿಗೆ ಬಲಿ ಕೊಡಬೇಕೆಂಬ ರೋಮನ್ ಚಕ್ರವರ್ತಿ ಡೆಸಿಯಸನ ಆಜ್ಞೆ ಎಲ್ಲ ಪ್ರಜೆಗಳಿಗೂ ಅನ್ವಯವಾಗಿತ್ತು. ಮೊಸಳೆ ದೇವರ ಪೂಜಾರಿಣಿಯೊಬ್ಬಳೂ ಇಂಥದೇ ಪತ್ರ ಮಾಡಿಸಿಕೊಂಡಿದ್ದಾಳೆ. ಅವಳಿಗೆ ಅದು ಬರೀ ಕಚೇರಿಯ ಕಾಗದ. ಕ್ರೈಸ್ತನೊಬ್ಬನ ಕೈಯಲ್ಲಿದ್ದರೆ ಅದೇ ಕಾಗದ ತನ್ನ ದೇವರನ್ನು ತಾನು ಬಿಟ್ಟುಕೊಟ್ಟಿದ್ದಕ್ಕೆ ಸಾಕ್ಷಿ.

ಸಾವಿರಾರು ಜನ ಕ್ರೈಸ್ತರು ಬಲಿ ಕೊಟ್ಟರು, ಇನ್ನೆಷ್ಟೋ ಜನ ಕಾಸು ಕೊಟ್ಟು ಬರೀ ಪತ್ರ ಕೊಂಡರು. ವರ್ಷ ಕಳೆದು ಕಿರುಕುಳ ತಣ್ಣಗಾದ ಮೇಲೆ ಅವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ನಂಬಿ ದೀಕ್ಷಾಸ್ನಾನ ಪಡೆದವನು ಮತ್ತೆ ಪಾಪಕ್ಕೆ ಬಿದ್ದರೆ ಅವನ ಗತಿಯೇನು, ಕ್ಷಮೆ ಸಿಕ್ಕಿತೆಂದು ಅವನು ಯಾವ ಆಧಾರದ ಮೇಲೆ ಹೇಳಬಲ್ಲ ಎಂಬ ಚರ್ಚೆ ಕ್ರೈಸ್ತ ಚಿಂತನೆಯಲ್ಲಿ ಆಮೇಲೆ ನಿಂತದ್ದೇ ಇಲ್ಲ. ಈ ಉದ್ದನೆಯ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವುದು ಒಂದೇ ಸಂಗತಿ: ಒಂದು ಕಾಲ ನೆಮ್ಮದಿಗೆಂದು ಕಂಡುಕೊಂಡ ಉಪಾಯವೇ ಮುಂದಿನ ಕಾಲಕ್ಕೆ ಹೊಸ ಕಳವಳದ ಮೂಲವಾಗಿದೆ.

ಹೊಸ ಒಡಂಬಡಿಕೆಯೇ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಬೆಳಕು ಕಂಡು, ಪವಿತ್ರಾತ್ಮದಲ್ಲಿ ಪಾಲು ಪಡೆದು, ಆಮೇಲೆ ಬಿದ್ದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಹೇಳುತ್ತದೆ. ಯೋಹಾನನ ಮೊದಲನೆಯ ಪತ್ರಿಕೆ ಮೊದಲ ಅಧ್ಯಾಯದಲ್ಲಿ ಪಾಪವಿಲ್ಲವೆನ್ನುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆನ್ನುತ್ತದೆ. ಮೂರನೆಯ ಅಧ್ಯಾಯಕ್ಕೆ ಬಂದರೆ ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲವೆನ್ನುತ್ತದೆ. ಮುಂದಿನ ಪಂಗಡಗಳೆಲ್ಲ ತಮತಮಗೆ ಬೇಕಾದ ಅಧ್ಯಾಯವನ್ನು ಎತ್ತಿಕೊಂಡವು ಎಂದರೆ ಸ್ವಲ್ಪ ಒರಟಾದೀತು, ಆದರೆ ಸುಳ್ಳಾಗದು.

ಎರಡನೆಯ ಶತಮಾನದ ರೋಮಿನಲ್ಲಿ ಹುಟ್ಟಿದ ‘ಹೆರ್ಮಾಸನ ಕುರುಬ’ ಎಂಬ ಕೃತಿ ಒಂದು ಸಂದು ಬಿಟ್ಟಿತು: ಸ್ನಾನದ ಬಳಿಕ ಪಶ್ಚಾತ್ತಾಪಕ್ಕೆ ಅವಕಾಶವುಂಟು, ಒಂದೇ ಸಲ. ಕಾರ್ಥೇಜಿನ ತೆರ್ತುಲಿಯನ್ ಇದನ್ನೇ ಹಡಗು ಒಡೆದವನ ಕೈಗೆ ಸಿಕ್ಕ ಎರಡನೆಯ ಹಲಗೆ ಎಂದು ಬಣ್ಣಿಸಿದ. ಆ ಹಲಗೆ ಹಿಡಿಯುವುದೂ ಸುಲಭವಿರಲಿಲ್ಲ. ಗೋಣಿ ಉಟ್ಟು, ಬೂದಿ ಬಳಿದುಕೊಂಡು, ಉಪವಾಸವಿದ್ದು, ಎಲ್ಲರೆದುರು ಹಿರಿಯರ ಕಾಲಿಗೆ ಬೀಳಬೇಕಿತ್ತು. ವಯಸ್ಸಾದಂತೆ ತೆರ್ತುಲಿಯನ್ ಇನ್ನೂ ಬಿಗಿಯಾದ ಮೊಂತಾನಸ್ ಪಂಥದ ಕಡೆ ವಾಲಿ, ವ್ಯಭಿಚಾರಕ್ಕೂ ಕ್ಷಮೆಯುಂಟೆಂದು ಸಾರಿದ ಬಿಷಪ್ಪನೊಬ್ಬನನ್ನು ಲೇವಡಿ ಮಾಡಿ ಪುಸ್ತಕವನ್ನೇ ಬರೆದ.

ಡೆಸಿಯಸನ ಕಾಲದ ಗೊಂದಲ ಬಿದ್ದದ್ದು ಅದೇ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಹೆಗಲಿಗೆ. ಕಿರುಕುಳದ ಹೊತ್ತಿನಲ್ಲಿ ತಾನೇ ತಲೆಮರೆಸಿಕೊಂಡಿದ್ದವನು ಬಿದ್ದವರ ಮೇಲೆ ತೀರ್ಪು ಕೊಡಬೇಕಾದ ಇಕ್ಕಟ್ಟು. ಇತ್ತ ಚಿತ್ರಹಿಂಸೆ ತಡೆದುಕೊಂಡು ಸೆರೆಯಲ್ಲಿದ್ದವರು ಬಿದ್ದವರಿಗೆ ಶಿಫಾರಸು ಪತ್ರ ಬರೆದುಕೊಡತೊಡಗಿದ್ದರು. ಕೆಲವು ಪತ್ರಗಳಲ್ಲಿ ಒಬ್ಬನ ಹೆಸರು ಬರೆದು ‘ಅವನ ಕಡೆಯವರನ್ನೂ’ ಸೇರಿಸಿಕೊಳ್ಳಿ ಎಂದಿರುತ್ತಿತ್ತು. ಹೀಗೆ ಬರೆದರೆ ಇಪ್ಪತ್ತು ಮೂವತ್ತು ಜನ ಒಂದೇ ಪತ್ರ ಹಿಡಿದು ಬರುತ್ತಾರಲ್ಲ ಎಂದು ಸಿಪ್ರಿಯನ್ ಸಿಡಿಮಿಡಿಗೊಂಡ. 251ರ ಸಭೆಯಲ್ಲಿ ಒಂದು ನಡುದಾರಿ ಹೊರಟಿತು. ಬರೀ ಪತ್ರ ಕೊಂಡವರನ್ನು ಪ್ರಾಯಶ್ಚಿತ್ತದ ಬಳಿಕ ಒಳಗೆ ಬಿಡುವುದು, ನಿಜವಾಗಿ ಬಲಿ ಕೊಟ್ಟವರಿಗೆ ಮರಣಶಯ್ಯೆಯಲ್ಲಿ ಮಾತ್ರ ಸಮಾಧಾನ ಕೊಡುವುದು. ಮತ್ತೊಂದು ಕಿರುಕುಳದ ಸುಳಿವು ಸಿಕ್ಕಾಗ ಇವರಿಗೂ ಬಾಗಿಲು ತೆರೆಯಿತು. ರೋಮಿನಲ್ಲಿ ನೊವೇಶಿಯನ್ ಇದನ್ನೊಪ್ಪದೆ ಬೇರೆ ಸಭೆಯನ್ನೇ ಕಟ್ಟಿದ. ದೇವರು ಕ್ಷಮಿಸಿದರೆ ಕ್ಷಮಿಸಲಿ, ಸಭೆಗೆ ಆ ಅಧಿಕಾರವಿಲ್ಲ ಎಂಬುದು ಅವನ ಹಟ. ಈ ಪಂಗಡದ ಬಿಷಪ್ ಅಕೇಸಿಯಸನಿಗೆ, ಹಾಗಾದರೆ ಏಣಿಯಿಟ್ಟು ನೀನೊಬ್ಬನೇ ಸ್ವರ್ಗಕ್ಕೆ ಹತ್ತಿಕೊಂಡು ಹೋಗು ಎಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಚುಚ್ಚಿದನಂತೆ. ಚರಿತ್ರೆಕಾರ ಸಾಕ್ರಟೀಸ್ ಇದನ್ನು ದಾಖಲಿಸಿದ್ದಾನೆ. ಹಾಗೆ ಹೇಳಿದ ಕಾನ್‌ಸ್ಟಂಟೈನನೂ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಸ್ನಾನವಾದ ಮೇಲೆ ಕ್ಷಮೆಗೆ ಒಂದೇ ಅವಕಾಶವೆಂದಾದರೆ ಸ್ನಾನವನ್ನೇ ಮುಂದೂಡುವ ಜಾಣತನ ಆ ಕಾಲದಲ್ಲಿ ಸಾಮಾನ್ಯವಾಗಿತ್ತು.

ಅಗಸ್ಟೀನನ ಹೊತ್ತಿಗೆ (354–430) ಪ್ರಶ್ನೆಯ ದಿಕ್ಕು ಬದಲಾಯಿತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದಿನಾಲೂ ಕ್ಷಮೆ ಕೇಳುವ ಮಾತಿದೆ. ಸಂತರೂ ಅದನ್ನು ನಟನೆಗಾಗಿ ಹೇಳುವುದಿಲ್ಲ, ತಮಗೂ ಬೇಕೆಂದೇ ಹೇಳುತ್ತಾರೆ ಎಂದು, ಮನುಷ್ಯ ಪಾಪವಿಲ್ಲದೆ ಬದುಕಬಲ್ಲನೆನ್ನುತ್ತಿದ್ದ ಪೆಲೇಜಿಯಸನ ಕಡೆಯವರ ವಿರುದ್ಧ ಆಫ್ರಿಕದ ಬಿಷಪ್ಪರು 418ರಲ್ಲಿ ನಿರ್ಣಯ ಮಾಡಿದರು. ಅಲ್ಲಿಗೆ ವಿಶ್ವಾಸಿಯೂ ದಿನವೂ ಪಾಪಿ ಎಂಬುದು ಗಟ್ಟಿಯಾಯಿತು. ಇನ್ನೊಂದು ಕಡೆ, ಕೊನೆಯವರೆಗೆ ನಿಲ್ಲುವ ಶಕ್ತಿ ದೇವರು ಕೊಡುವ ವರ, ಅದು ತನಗೆ ಸಿಕ್ಕಿದೆಯೇ ಎಂಬುದು ಬದುಕಿರುವ ತನಕ ಯಾರಿಗೂ ತಿಳಿಯದು ಎಂದೂ ಅಗಸ್ಟೀನ್ ಬರೆದ. ಮುಂದಿನ ಸಾವಿರ ವರ್ಷ ಪಶ್ಚಿಮದ ಸಭೆ ಹೆಚ್ಚುಕಡಿಮೆ ಈ ಮಾತಿನ ನೆರಳಲ್ಲೇ ಕಳೆಯಿತು.

ಆಚರಣೆಯಲ್ಲಿ ಕ್ರಾಂತಿ ಮಾಡಿದವರು ಐರ್ಲೆಂಡಿನ ಸನ್ಯಾಸಿಗಳು. ಜನ್ಮದಲ್ಲೊಮ್ಮೆ ಊರೆದುರು ಮಾಡುವ ಪ್ರಾಯಶ್ಚಿತ್ತದ ಬದಲು, ಎಷ್ಟು ಸಲ ಬೇಕಾದರೂ ಗುಟ್ಟಾಗಿ ಮಾಡಬಹುದಾದ ಪಾಪನಿವೇದನೆಯನ್ನು ಅವರು ರೂಢಿಗೆ ತಂದರು. ಅದಕ್ಕೆ ದರಪಟ್ಟಿಯೂ ಇತ್ತು. ಕೊಲೆಗೆ ಇಷ್ಟು ವರ್ಷ, ಸುಳ್ಳಾಣೆಗೆ ಇಷ್ಟು, ಕುಡಿದು ವಾಂತಿ ಮಾಡಿಕೊಂಡರೆ ಇಷ್ಟು ದಿನ ರೊಟ್ಟಿ ನೀರಿನ ವ್ರತ. ಅದೇ ತಪ್ಪನ್ನು ಪಾದ್ರಿ ಮಾಡಿದರೆ ಹೆಚ್ಚು, ಗೃಹಸ್ಥ ಮಾಡಿದರೆ ಕಡಿಮೆ. 615ರಲ್ಲಿ ತೀರಿಕೊಂಡ ಕೊಲಂಬಾನಸ್ ಇಂಥ ಕೈಪಿಡಿಯನ್ನು ಯುರೋಪಿನ ಒಳನಾಡಿಗೆ ಒಯ್ದ. 589ರಲ್ಲಿ ಸ್ಪೇನಿನ ತೊಲೇದೊ ಸಭೆ, ಪಾಪ ಮಾಡಿದಾಗಲೆಲ್ಲ ಕ್ಷಮೆ ಕೇಳಿಕೊಂಡು ಬರುವ ಪದ್ಧತಿಯನ್ನು ಹೇಸಿಗೆಯೆಂದು ಖಂಡಿಸಿತು. ಖಂಡಿಸಿದ್ದೇ ಮುಂದೆ ಕಡ್ಡಾಯವಾಯಿತು: 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಬುದ್ಧಿ ಬಂದ ಪ್ರತಿ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು.

ಕ್ಷಮೆ ಈಗ ಕೈಗೆಟಕಿತು. ಆದರೆ ಎಲ್ಲ ಪಾಪವನ್ನೂ ಹೇಳಿದೆನೇ, ಮರೆತದ್ದೇನಾದರೂ ಉಳಿಯಿತೇ, ಪಶ್ಚಾತ್ತಾಪ ನಿಜವಾದದ್ದೇ, ಬರೀ ನರಕದ ಭಯವೇ? ತಾನು ದೇವರ ಕೃಪೆಯಲ್ಲಿದ್ದೇನೆಂದು ಕೆಲವು ಲಕ್ಷಣಗಳಿಂದ ಊಹಿಸಬಹುದೇ ಹೊರತು, ವಿಶೇಷ ಪ್ರಕಟಣೆಯಿಲ್ಲದೆ ಖಚಿತವಾಗಿ ತಿಳಿಯಲಾಗದು ಎಂಬುದು ಥಾಮಸ್ ಅಕ್ವಿನಾಸನ ಉತ್ತರ. ಈ ಸಿದ್ಧಾಂತ ಎಷ್ಟು ಸೂಕ್ಷ್ಮವಾದ ಬಲೆಯಾಗಬಲ್ಲದೆಂದು ನೋಡಬೇಕಾದರೆ 1431ರ ಫೆಬ್ರವರಿ 24ರಂದು ರೂಆನ್ ನಗರದಲ್ಲಿ ನಡೆದ ವಿಚಾರಣೆಗೆ ಹೋಗಬೇಕು. ಹತ್ತೊಂಬತ್ತರ ಆಸುಪಾಸಿನ, ಓದು ಬರಹ ಬಾರದ ಜೋನ್ ಆಫ್ ಆರ್ಕ್‌ಗೆ, ನೀನು ಕೃಪೆಯಲ್ಲಿದ್ದೀಯಾ ಎಂದು ಪಂಡಿತರು ಕೇಳಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ತನ್ನನ್ನು ಅದರಲ್ಲಿ ಇಡಲಿ, ಇದ್ದರೆ ಅಲ್ಲೇ ಉಳಿಸಲಿ ಎಂಬ ಅರ್ಥದ ಮಾತು ಹೇಳಿ ಆಕೆ ಪಾರಾದಳು. ಕೇಳಿದವರು ದಂಗಾದರೆಂದು ಆ ವಿಚಾರಣೆಯ ಗುಮಾಸ್ತನೊಬ್ಬ ಮುಂದೆ ಸಾಕ್ಷಿ ಹೇಳಿದ್ದಾನೆ. ಮಧ್ಯಯುಗದ ಸಿದ್ಧಾಂತವನ್ನು ಇದಕ್ಕಿಂತ ಚೆನ್ನಾಗಿ ಯಾವ ವಿದ್ವಾಂಸನೂ ಹೇಳಿಲ್ಲವೆಂದೇ ನನ್ನೆಣಿಕೆ.

ಜೋನಳಿಗಿದ್ದ ನಿರಾಳ ಮಾರ್ಟಿನ್ ಲೂಥರನಿಗೆ ಇರಲಿಲ್ಲ. 1505ರಲ್ಲಿ ಎರ್ಫುರ್ಟಿನ ಮಠ ಸೇರಿದ ಆತ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹಿರಿಯ ಸನ್ಯಾಸಿಗಳಿಗೆ ಸಾಕುಸಾಕು ಮಾಡಿದ್ದ. ಹೇಳಿ ಮುಗಿಸಿ ಹೊರಬಂದರೆ ಮತ್ತೊಂದು ನೆನಪಾಗುತ್ತಿತ್ತು. ಆ ಸನ್ಯಾಸಿ ಪಂಗಡದ ಮುಖ್ಯಸ್ಥ ಸ್ಟೌಪಿಟ್ಜ್ ಅವನಿಗೆ ಕೊಟ್ಟ ಬುದ್ಧಿಮಾತು, ನಿನ್ನೊಳಗೆ ಇಣುಕುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂಬುದು. ಲೂಥರನ ಸಿದ್ಧಾಂತವೆಲ್ಲ ಆ ಮಾತಿನ ವಿಸ್ತಾರವೆಂದೇ ಹೇಳಬಹುದು. ಮನುಷ್ಯನನ್ನು ನೀತಿವಂತನೆನಿಸುವುದು ಅವನೊಳಗೆ ಬೆಳೆಯುವ ಗುಣವಲ್ಲ, ಹೊರಗಿನಿಂದ ಬರುವ ಕ್ರಿಸ್ತನ ನೀತಿ. ಹಾಗಾಗಿ ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. 1521ರ ಆಗಸ್ಟ್ 1ರಂದು ವಾರ್ಟ್‌ಬುರ್ಗ್ ಕೋಟೆಯಿಂದ ಮೆಲಾಂಕ್ಟನ್‌ಗೆ ಬರೆದ ಕಾಗದದಲ್ಲಿ, ಪಾಪ ಮಾಡುವುದಾದರೆ ಧೈರ್ಯವಾಗಿಯೇ ಮಾಡು ಎಂಬರ್ಥದ ಮಾತು ಬರುತ್ತದೆ. ವಿರೋಧಿಗಳು ಅಂದಿನಿಂದ ಇಂದಿನವರೆಗೂ ಇಷ್ಟನ್ನೇ ಎತ್ತಿ ಆಡುತ್ತಾರೆ. ಅದರ ಬೆನ್ನಿಗೇ, ಅದಕ್ಕಿಂತ ಧೈರ್ಯವಾಗಿ ಕ್ರಿಸ್ತನನ್ನು ನಂಬು ಎಂಬ ಮಾತಿದೆ. ಅಂಜುಬುರುಕ ಗೆಳೆಯನಿಗೆ ಬರೆದ ಸಾಂತ್ವನದ ಪತ್ರವನ್ನು ಪರವಾನಗಿಯಂತೆ ಓದುವುದು ಅನ್ಯಾಯ.

ಲೂಥರ್ ಪಾಪನಿವೇದನೆಯನ್ನು ಕಿತ್ತುಹಾಕಿದನೆಂದು ಅನೇಕರು ತಿಳಿದಿದ್ದಾರೆ. 1530ರ ಔಗ್ಸ್‌ಬುರ್ಗ್ ವಿಶ್ವಾಸ ಪ್ರಕಟಣೆಯ 11ನೆಯ ವಿಧಿ ಅದನ್ನು ಉಳಿಸಿಕೊಳ್ಳುತ್ತದೆ. ಎಲ್ಲ ಪಾಪಗಳನ್ನೂ ಎಣಿಸಿ ಹೇಳುವ ಅಗತ್ಯವಿಲ್ಲವೆಂದಷ್ಟೇ ಸೇರಿಸುತ್ತದೆ. 12ನೆಯ ವಿಧಿ ಇನ್ನೂ ಕುತೂಹಲಕರ. ಬಿದ್ದವರನ್ನು ಕ್ಷಮಿಸಲೊಲ್ಲದ ನೊವೇಶಿಯನ್ನನ ಕಡೆಯವರನ್ನು ಸುಮಾರು 1,300 ವರ್ಷದ ಮೇಲೂ ಹೆಸರು ಹಿಡಿದು ಖಂಡಿಸುತ್ತದೆ. ಅದೇ ಉಸಿರಿನಲ್ಲಿ, ಒಮ್ಮೆ ನೀತಿವಂತನಾದವನು ಪವಿತ್ರಾತ್ಮವನ್ನು ಕಳೆದುಕೊಳ್ಳಲಾರ ಎನ್ನುವವರನ್ನೂ ಖಂಡಿಸುತ್ತದೆ. ಕ್ಷಮೆ ಇದೆಯೋ ಇಲ್ಲವೋ ಎಂದು ನಡುಗಬೇಡ, ಕಳೆದುಹೋಗದ ಆಸ್ತಿಯೆಂದು ಕಾಲು ಚಾಚಿಯೂ ಕೂರಬೇಡ ಎಂಬ ಈ ನಿಲುವು ಮುಂದೆ ಬಂದ ಅಚ್ಚುಕಟ್ಟಾದ ವ್ಯವಸ್ಥೆಗಳಿಗಿಂತ ಜೀವನಕ್ಕೆ ಹತ್ತಿರ ಎನಿಸುತ್ತದೆ.

ಕಥೋಲಿಕರ ಟ್ರೆಂಟ್ ಮಹಾಸಭೆಯ ಉತ್ತರ 1547ರ ಜನವರಿಯಲ್ಲಿ ಬಂತು. ಅದನ್ನು ಸರಿಯಾಗಿ ಓದದೆ ಬಯ್ಯುವವರೇ ಹೆಚ್ಚು. ದೇವರ ಕರುಣೆಯನ್ನು ಸಂಶಯಿಸು ಎಂದು ಟ್ರೆಂಟ್ ಎಲ್ಲೂ ಹೇಳಿಲ್ಲ. ಕರುಣೆಯಲ್ಲಿ ಸಂಶಯ ಬೇಡ, ಆದರೆ ತನ್ನ ದೌರ್ಬಲ್ಯ ಬಲ್ಲವನು ತನ್ನ ವಿಷಯದಲ್ಲಿ ಅಂಜಲು ಕಾರಣವಿದೆ ಎನ್ನುತ್ತದೆ. ಬಿದ್ದವನಿಗೆ ಪಾಪನಿವೇದನೆಯೇ ದಾರಿ ಎನ್ನುವಾಗ ತೆರ್ತುಲಿಯನ್ನನ ಆ ಎರಡನೆಯ ಹಲಗೆಯನ್ನೇ ಮತ್ತೆ ನೆನೆಯುತ್ತದೆ.

ಕ್ಯಾಲ್ವಿನ್ ಹಾದಿಯ ಸುಧಾರಕರು ಒಂದು ಹೆಜ್ಜೆ ಮುಂದೆ ಹೋದರು. ದೇವರು ಅನಾದಿಯಲ್ಲೇ ಆರಿಸಿಕೊಂಡವನು ಎಡವಿದರೂ ಕೊನೆಗೆ ಬಿದ್ದುಹೋಗಲಾರ. 1618–19ರಲ್ಲಿ ನೆದರ್ಲೆಂಡ್ಸಿನ ಡೋರ್ಟ್ ಸಭೆ ಅರ್ಮೀನಿಯಸನ ಅನುಯಾಯಿಗಳ ವಿರುದ್ಧ ಇದನ್ನೇ ಎತ್ತಿಹಿಡಿಯಿತು. ಕೇಳಲು ಇದಕ್ಕಿಂತ ದೊಡ್ಡ ನೆಮ್ಮದಿ ಬೇಕೆ? ಆದರೆ ಆರಿಸಲ್ಪಟ್ಟವರ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ತಿಳಿಯುವುದು ಹೇಗೆ? ಕ್ರಿಸ್ತನೆಂಬ ಕನ್ನಡಿಯಲ್ಲಿ ನೋಡಿಕೋ ಎಂದಿದ್ದ ಕ್ಯಾಲ್ವಿನ್. ಇಂಗ್ಲೆಂಡಿನ ವಿಲಿಯಂ ಪರ್ಕಿನ್ಸ್ (1558–1602) ಮತ್ತವನ ಪ್ಯೂರಿಟನ್ ಶಿಷ್ಯರು, ನಿನ್ನ ಬದುಕಿನಲ್ಲಿ ಕೃಪೆಯ ಫಲ ಕಾಣುತ್ತಿದ್ದರೆ ನೀನು ಆರಿಸಲ್ಪಟ್ಟವನು ಎಂಬ ತರ್ಕಕ್ಕೆ ಹೆಚ್ಚು ಒತ್ತು ಕೊಟ್ಟರು. ಸ್ಟೌಪಿಟ್ಜ್ ಹೊರಕ್ಕೆ ತಿರುಗಿಸಿದ್ದ ದೃಷ್ಟಿ ಮತ್ತೆ ಒಳಕ್ಕೆ ತಿರುಗಿತು.

ಅದರ ಪರಿಣಾಮ ಢಾಳಾಗಿ ಕಾಣುವುದು ಅಟ್ಲಾಂಟಿಕ್ ಆಚೆಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ. ಅಲ್ಲಿ ಸಭೆಯ ಸದಸ್ಯರಾಗಬೇಕಾದರೆ, ಕೃಪೆ ತಮ್ಮಲ್ಲಿ ಹೇಗೆ ಕೆಲಸ ಮಾಡಿತೆಂದು ಎಲ್ಲರೆದುರು ನಿರೂಪಿಸಬೇಕಿತ್ತು. ಅಲ್ಲಿನ ಕೇಂಬ್ರಿಜಿನ ಪಾದ್ರಿ ಥಾಮಸ್ ಶೆಪರ್ಡ್ ಇಂಥ ಹತ್ತಾರು ನಿರೂಪಣೆಗಳನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮನೆಗೆಲಸದ ಹೆಂಗಸರ ಮಾತೂ ಅದರಲ್ಲಿದೆ. ಗೆದ್ದ ದನಿ ಅಲ್ಲಿ ಅಪರೂಪ. ಆಸೆ, ಅನುಮಾನ, ಮತ್ತೆ ಆಸೆ. 1637ರಲ್ಲಿ ಗವರ್ನರ್ ಜಾನ್ ವಿಂತ್ರಾಪ್ ತನ್ನ ದಿನಚರಿಯಲ್ಲಿ ಬಾಸ್ಟನ್ನಿನ ಹೆಂಗಸೊಬ್ಬಳ ವಿಷಯ ಬರೆದಿದ್ದಾನೆ. ತನ್ನ ಆತ್ಮದ ಸ್ಥಿತಿ ಏನೆಂಬ ಚಿಂತೆಯಲ್ಲಿ ಬಹುಕಾಲ ಬೆಂದ ಆಕೆ ಒಂದು ದಿನ ಹಸುಗೂಸನ್ನು ಬಾವಿಗೆ ಎಸೆದು ಮನೆಗೆ ಬಂದು, ಇನ್ನು ನನಗೆ ನರಕವೇ ಎಂಬುದು ಖಾತ್ರಿಯಾಯಿತು ಎಂದಳಂತೆ. ಜನ ಓಡಿಹೋಗಿ ಮಗುವನ್ನು ಉಳಿಸಿದರು. ಯಾವುದಾದರೊಂದು ಖಾತ್ರಿ ಬೇಕಿತ್ತು ಆಕೆಗೆ, ಅದು ನರಕದ್ದಾದರೂ ಸರಿ. ಸಿದ್ಧಾಂತದ ಚರಿತ್ರೆ ಬರೆಯುವವರು ಈ ಎರಡು ಸಾಲಿನ ಟಿಪ್ಪಣಿಯನ್ನು ದಾಟಿ ಹೋಗಬಾರದು.

ಅದೇ ವರ್ಷದ ನವೆಂಬರಿನಲ್ಲಿ ಅದೇ ವಿಂತ್ರಾಪನ ಎದುರು ಆನ್ ಹಚಿನ್ಸನ್‌ಳ ವಿಚಾರಣೆ ನಡೆಯಿತು. ಆಕೆಯ ತಪ್ಪು ಇಷ್ಟು: ಒಳ್ಳೆಯ ನಡತೆಯನ್ನು ರಕ್ಷಣೆಯ ಸಾಕ್ಷಿಯೆಂದು ತೋರಿಸುವ ಪಾದ್ರಿಗಳು ಕೃಪೆಯ ಹೆಸರಲ್ಲಿ ಕ್ರಿಯೆಗಳನ್ನೇ ಬೋಧಿಸುತ್ತಿದ್ದಾರೆಂದು ಮನೆಯಲ್ಲಿ ಸೇರುತ್ತಿದ್ದವರಿಗೆ ಹೇಳಿದ್ದಳು. ನಿಜವಾದ ನಿಶ್ಚಯ ಪವಿತ್ರಾತ್ಮ ನೇರವಾಗಿ ಕೊಡುವಂಥದ್ದು ಎಂಬುದು ಆಕೆಯ ನಂಬಿಕೆ. ದೇವರು ತನಗೆ ನೇರವಾಗಿ ತಿಳಿಸುತ್ತಾನೆಂದು ನ್ಯಾಯಸ್ಥಾನದಲ್ಲೂ ಹೇಳಿದ್ದೇ ಆಕೆಗೆ ಮುಳುವಾಯಿತು, ಗಡೀಪಾರಾದಳು. ಇಂದಿಗೂ ಈ ವಿಚಾರಣೆಯನ್ನು ಹೆಣ್ಣಿನ ದನಿ ಅಡಗಿಸಿದ ಕಥೆಯೆಂದು ಓದುತ್ತೇವೆ. ಅದು ಸರಿಯೂ ಹೌದು. ಆದರೆ ಆ ಕೋಣೆಯಲ್ಲಿದ್ದ ಎರಡೂ ಕಡೆಯವರಿಗೆ ಪಾಪಿಯೊಬ್ಬ ತನ್ನ ಕ್ಷಮೆಯನ್ನು ಹೇಗೆ ತಿಳಿಯುತ್ತಾನೆಂಬುದೇ ಜೀವನ್ಮರಣದ ವಿಷಯವಾಗಿತ್ತು. 1662ರ ಹೊತ್ತಿಗೆ ಅನುಭವ ನಿರೂಪಿಸಲಾಗದ ಮಕ್ಕಳು ಮೊಮ್ಮಕ್ಕಳು ಎಷ್ಟಾದರೆಂದರೆ, ಅಂಥವರನ್ನು ಅರೆ ಸದಸ್ಯರಾಗಿ ಇಟ್ಟುಕೊಳ್ಳುವ ಏರ್ಪಾಡನ್ನು ಅಲ್ಲಿನ ಸಭೆಗಳು ಮಾಡಿಕೊಳ್ಳಬೇಕಾಯಿತು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟಣೆ ಅದಾಗಲೇ ಸ್ವಲ್ಪ ಸಡಿಲ ಬಿಟ್ಟಿತ್ತು: ನಿಶ್ಚಯ ಸಾಧ್ಯವುಂಟು, ಆದರೆ ನಿಜ ವಿಶ್ವಾಸಿಯೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದು.

ಹದಿನೆಂಟನೆಯ ಶತಮಾನದಲ್ಲಿ ನಿಶ್ಚಯ ಎದೆಯ ಅನುಭವವಾಯಿತು. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ಹಡಗಿನಲ್ಲಿ, ಬಿರುಗಾಳಿಗೆ ಇಂಗ್ಲಿಷರು ಕಿರುಚುತ್ತಿದ್ದಾಗ ಮೊರೇವಿಯನ್ ಭಕ್ತರು ನೆಮ್ಮದಿಯಿಂದ ಹಾಡುತ್ತಿದ್ದುದನ್ನು ಕಂಡು ಜಾನ್ ವೆಸ್ಲಿ ಬೆರಗಾದ. ಎರಡು ವರ್ಷದ ಮೇಲೆ, 1738ರ ಮೇ 24ರ ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಲೂಥರ್ ಬರೆದ ರೋಮಾಪುರದವರ ಪತ್ರಿಕೆಯ ಮುನ್ನುಡಿ ಕೇಳುತ್ತ ಅವನಿಗೂ ಆ ನಿಶ್ಚಯ ಸಿಕ್ಕಿತು. ಮೆಥಡಿಸ್ಟರು ಈ ಗಳಿಗೆಯನ್ನು ಇಂದಿಗೂ ಸ್ಮರಿಸುತ್ತಾರೆ. 1739ರ ಜನವರಿಯಲ್ಲಿ ಅದೇ ವೆಸ್ಲಿ ತಾನು ಕ್ರೈಸ್ತನೇ ಅಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಅಷ್ಟಾಗಿ ಸ್ಮರಿಸುವುದಿಲ್ಲ. 1766ರಲ್ಲಿ, ಊರೂರು ತಿರುಗಿ ಸಾವಿರಾರು ಜನಕ್ಕೆ ನಿಶ್ಚಯ ಕೊಟ್ಟ ಮೇಲೆ, ದೇವರನ್ನು ತಾನು ಎಂದೂ ಪ್ರೀತಿಸಿಲ್ಲವೆಂದು ತಮ್ಮ ಚಾರ್ಲ್ಸ್‌ನಿಗೆ ಪತ್ರ ಬರೆದ. ಅನುಭವವನ್ನು ಆಧಾರ ಮಾಡಿಕೊಂಡರೆ ಅದು ಆರಿದ ದಿನ ಏನು ಮಾಡುವುದೆಂಬುದನ್ನು ಅವನಷ್ಟು ಪ್ರಾಮಾಣಿಕವಾಗಿ ಯಾರೂ ದಾಖಲಿಸಿಲ್ಲ.

ಮೊರೇವಿಯನ್ನರೂ ಸೇರಿದ್ದ ಜರ್ಮನಿಯ ಪಯಟಿಸ್ಟ್ ಭಕ್ತಿಯ ಧಾರೆಯೇ ಕನ್ನಡ ನಾಡಿಗೂ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್, ಎರಡು ವರ್ಷದ ಬಳಿಕ ಬಂದ ಮೋಗ್ಲಿಂಗ್ ಎಲ್ಲರೂ ಮನಸ್ಸು ತಿರುಗಿದ ಅನುಭವಕ್ಕೆ ಮಹತ್ವ ಕೊಟ್ಟವರು. ಅವರು ಬರುವ ಎಷ್ಟೋ ಮುಂಚಿನಿಂದ ಅದೇ ಕರಾವಳಿಯಲ್ಲಿ ಗೋವೆಯಿಂದ ಬಂದ ಕೊಂಕಣಿ ಕಥೋಲಿಕರಿದ್ದರು, ಟ್ರೆಂಟ್ ಸಭೆಯ ನಿಯಮದಂತೆ ಪಾದ್ರಿಯ ಕಿವಿಯಲ್ಲಿ ‘ಕುಮ್ಸಾರ್’ ಹೇಳಿಕೊಳ್ಳುತ್ತ. ಹೀಗೆ ಯುರೋಪಿನ ಎರಡು ಉತ್ತರಗಳು ಮಂಗಳೂರಿನಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ನೆಲೆಸಿದವು. ಪ್ಯೂರಿಟನ್ನರ ಕಳವಳವೂ ಕನ್ನಡಕ್ಕೆ ಬಂತು: ಪ್ಯೂರಿಟನ್ ಲೇಖಕ ಬನಿಯನ್ನನ ಪ್ರಸಿದ್ಧ ಕಥೆ ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಅನುವಾದಗೊಂಡಿತು.

ಇಪ್ಪತ್ತನೆಯ ಶತಮಾನದ ಅಮೆರಿಕದ ಪುನರುಜ್ಜೀವನ ಕೂಟಗಳಲ್ಲಿ ವಿಷಯ ತೀರ ಸರಳವಾಯಿತು. ವೇದಿಕೆಯತ್ತ ನಡೆದು ಬಾ, ಪ್ರಾರ್ಥನೆ ಹೇಳು, ರಕ್ಷಣೆ ಸಿಕ್ಕಿತು, ಇನ್ನು ಕಳೆದುಹೋಗದು. ಇದರ ಬಗ್ಗೆ ಪಾದ್ರಿ ಜಾನ್ ಮೆಕಾರ್ಥರ್ 1988ರಲ್ಲಿ ಜಗಳ ತೆಗೆದ: ವಿಧೇಯತೆಯಿಲ್ಲದ ನಂಬಿಕೆ ನಂಬಿಕೆಯೇ ಅಲ್ಲ. ಚಾರ್ಲ್ಸ್ ರೈರಿ ಮರುವರ್ಷವೇ ಉತ್ತರ ಕೊಟ್ಟ. ಎರಡೂ ಕಡೆಯ ವಾದ ಹಚಿನ್ಸನ್ ವಿಚಾರಣೆಯ ಕಡತದಿಂದ ಎತ್ತಿದಂತಿದ್ದು, ಹೊಸದೇನೂ ಕಾಣುವುದಿಲ್ಲ. ಅದಕ್ಕಿಂತ ಅರ್ಧ ಶತಮಾನ ಮುಂಚೆ, 1937ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಕೂತು ಡೀಟ್ರಿಕ್ ಬೋನ್‌ಹೋಫರ್ ಅಗ್ಗದ ಕೃಪೆಯ ಬಗ್ಗೆ ಬರೆದದ್ದಕ್ಕೆ ಬೇರೆಯೇ ತೂಕವಿದೆ. ಲೂಥರನ ಹೆಸರು ಹೇಳಿಕೊಂಡೇ ಸಭೆಯೊಂದು ಪಾಪಿಯ ಬದಲು ಪಾಪವನ್ನೇ ಕ್ಷಮಿಸಿ ಸುಮ್ಮನಾಗಬಹುದೆಂಬುದನ್ನು ಆತ ಕಣ್ಣಾರೆ ಕಾಣುತ್ತಿದ್ದ.

1999ರ ಅಕ್ಟೋಬರ್ 31ರಂದು ಔಗ್ಸ್‌ಬುರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ನಿಶ್ಚಯದ ಬಗೆಗಿನ ಭಾಗ ಅಷ್ಟೇನೂ ತೊಂದರೆ ಕೊಡಲಿಲ್ಲ: ತನ್ನನ್ನು ನೋಡಿಕೊಂಡರೆ ಅನುಮಾನ ಸಹಜ, ದೇವರ ವಾಗ್ದಾನವನ್ನು ನೋಡಿದರೆ ಭರವಸೆ ಇಡಬಹುದು ಎಂಬುದರಲ್ಲಿ ಎರಡೂ ಕಡೆಯವರು ಕೂಡಿದರು. ತಕರಾರು ಎದ್ದದ್ದು ಏಕಕಾಲಕ್ಕೆ ನೀತಿವಂತ, ಪಾಪಿ ಎಂಬ ಲೂಥರನ ಮಾತಿನ ಮೇಲೆ. ಸ್ನಾನದ ಬಳಿಕ ಉಳಿಯುವ ದುರಾಸೆಯ ಸೆಳೆತ ಪಾಪವೇ ಅಲ್ಲ ಎಂದು ಟ್ರೆಂಟ್ 1546ರಲ್ಲೇ ತೀರ್ಮಾನಿಸಿತ್ತು. 1998ರಲ್ಲಿ ವ್ಯಾಟಿಕನ್ ಇದನ್ನೇ ಮುಂದಿಟ್ಟು ಆಕ್ಷೇಪಿಸಿದ್ದರಿಂದ, ಸಹಿಗೆ ಮುಂಚೆ ವಿವರಣೆಯ ಅನುಬಂಧವೊಂದನ್ನು ಸೇರಿಸಬೇಕಾಯಿತು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸಭೆಗಳು ಈ ಒಪ್ಪಂದಕ್ಕೆ ಸೇರಿದವು. ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುವುದೇ ಎಂದು ವೆಸ್ಲಿಯ ಮಕ್ಕಳೂ ಕ್ಯಾಲ್ವಿನನ ಮಕ್ಕಳೂ ಇನ್ನೂರೈವತ್ತು ವರ್ಷ ಕಾದಾಡಿದ ಪ್ರಶ್ನೆಗೆ ಆ ಘೋಷಣೆಯಲ್ಲಿ ತೀರ್ಪಿಲ್ಲ. ಅದನ್ನು ಬದಿಗಿಟ್ಟೇ ಸಹಿ ಬಿದ್ದಿದೆ. ಇತ್ತ ಕಥೋಲಿಕ ಸಭೆಯಲ್ಲಿ 1215ರ ನಿಯಮವೂ ಹಾಗೇ ಇದೆ. 1983ರ ಕ್ಯಾನನ್ ಕಾನೂನಿನ 989ನೆಯ ವಿಧಿಯಂತೆ, ಬುದ್ಧಿ ಬಂದ ಪ್ರತಿಯೊಬ್ಬರೂ ತಮ್ಮ ಗುರುತರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ಪಾದ್ರಿಗೆ ಹೇಳಿಕೊಳ್ಳಬೇಕು.